ಗ್ಲೆನಿಸ್ ಕೂರದೆ ಬೆಸುಗೆ ಇಲ್ಲ

ನಮ್ಮ ಕಾಸಲ್‌ಮೇನ್ ಊರಿನ ಬೇಕರಿ ಇನ್ನೂ ಬಾಗಿಲು ತೆರೆದಿಲ್ಲ. ಬೆಸುಗೆಯ ಡೊರೀನ್ ಪ್ಯಾಸ್ಕೋ ಆಗಲೇ ತಮ್ಮ ತಗಡಿನ ಶೆಡ್ಡಿನಲ್ಲಿ, ಮೂವತ್ನಾಲ್ಕನೇ ಇಸವಿಯ ಫೋರ್ಡ್ ಕಾರನ್ನು ಬಿಚ್ಚಿ ಹೊಸದಾಗಿ ಕಟ್ಟಿದ ಹಾಟ್‌ರಾಡ್ ಒಂದರ ಕೆಳಗೆ ಅಂಗಾತ ಮಲಗಿದ್ದಾರೆ. ಮೇಲೆ ಸೀಟಿನಲ್ಲಿ ಗಾಡಿಯ ಯಜಮಾನ ಕೆವ್ ಟ್ರಾಂಟರ್. ಪಕ್ಕದಲ್ಲಿ ಅವರ ಹೆಂಡತಿ ಗ್ಲೆನಿಸ್: ಉಣ್ಣೆಯ ನಿಲುವಂಗಿ, ಮನೆಚಪ್ಪಲಿ, ಹರಳೆಣ್ಣೆ ಕುಡಿದ ಮುಖ.

"ಅಲ್ಲಾಡ್ಬೇಡ ಕಣೇ ಗ್ಲೆನ್, ಅಳತೆ ತಗೋತಿದೀನಿ," ಕೆಳಗಿನಿಂದ ಡೊರೀನ್ ದನಿ.

"ಅಲ್ಲಾಡೋಕೆ ಸೊಂಟ ಎಲ್ಲುಳಿದಿದೆ? ಅದನ್ನ ಇವನ ಗಾಡಿ ಯಾವತ್ತೋ ತಿಂದಾಯ್ತು."

ತಮಾಷೆಯ ಮಾತಲ್ಲ. ಹೋದ ಈಸ್ಟರಿನಲ್ಲಿ ಹಾಟ್‌ರಾಡ್ ಬಳಗದ ಜೊತೆ ದೂರದ ಸವಾರಿ ಹೋಗಿಬಂದ ಗ್ಲೆನಿಸ್ ಒಂದು ವಾರ ಹಾಸಿಗೆ ಬಿಟ್ಟೇಳಲಿಲ್ಲ. ಇನ್ನು ಆ ಗಾಡಿ ಹತ್ತುವುದಿಲ್ಲ ಎಂದುಬಿಟ್ಟರು. ಬಸ್ಸು ಓಡಿಸಿ ನಿವೃತ್ತರಾದ ಕೆವ್ ಅವರದೂ ಒಂದೇ ಮಾತು: "ಅವಳು ಪಕ್ಕದಲ್ಲಿ ಕೂರಲ್ಲ ಅಂದ್ರೆ ಮಾರ್ಬಿಡ್ತೀನಿ."

ಗಟ್ಟಿಯಾಗಿಹೋಗಿದ್ದ ಪಟ್ಟಿ ಸ್ಪ್ರಿಂಗ್ ತೆಗೆದು, ಸ್ಪ್ರಿಂಗಿನ ಹೊಟ್ಟೆಯೊಳಗೇ ಶಾಕ್ ಅಬ್ಸಾರ್ಬರ್ ಕೂತಿರುವ ಕಾಯಿಲೋವರ್ ಹಾಕುವುದೇ ದಾರಿ. ಹೊಸದಕ್ಕೆ ಪಿಂಚಣಿ ಸಾಲದು. ಕೆವ್ ರೇಸಿನ ಗಾಡಿಯೊಂದರಿಂದ ಹಳೆಯ ಜೋಡಿ ತಂದು, ತಾವೇ ಬೆಸೆದೂಬಿಟ್ಟರು. ನಮ್ಮೂರ ಗಂಡಸರ ಹಳೇ ಚಾಳಿ ಇದು. ಪೆಟ್ರೋಲು, ಸೀಟು, ಹೆಂಡತಿ ಯಾವುದೂ ಇಲ್ಲದ ಖಾಲಿ ಗಾಡಿ ನವಿಲಿನ ಹಾಗೆ ನಿಂತಿದೆಯೆಂದು ಆ ಎತ್ತರದಲ್ಲೇ ಬೆಸುಗೆ ಹಾಕುವುದು! ಆಳು ಕೂತು ಗಾಡಿ ತಗ್ಗಿದೊಡನೆ ಸ್ಪ್ರಿಂಗ್ ಓರೆಯಾಗುತ್ತಿತ್ತು, ಹಳ್ಳ ಸಿಕ್ಕಾಗಲೆಲ್ಲ ಬೆನ್ನಿಗೆ ಗುದ್ದು. ಡೊರೀನ್ ಎಲ್ಲ ಕತ್ತರಿಸಿ ತೆಗೆದಿದ್ದಾರೆ.

"ಗಾಡಿ ನೋಡೋಕಲ್ಲ, ಕೂರೋಕೆ. ಯಾರು ಕೂರ್ತಾರೋ ಅವ್ರು ಬಂದು ಕೂತ್ಮೇಲೇ ನಾನು ಬೆಸೆಯೋದು," ಎನ್ನುತ್ತಾರೆ. ತೂಕಕ್ಕೆ, ಮೇಲೆ ನಿಂತು ಮೈತೂಕ ನೋಡುವ ಬಚ್ಚಲುಮನೆಯ ತಕ್ಕಡಿಯೇ ಸಾಕು. ಹಲಗೆಯ ಒಂದು ತುದಿ ಇಟ್ಟಿಗೆಯ ಮೇಲೆ, ಇನ್ನೊಂದು ತಕ್ಕಡಿಯ ಮೇಲೆ, ನಡುವೆ ಚಕ್ರ; ಅರ್ಧ ಭಾರವಷ್ಟೇ ತಕ್ಕಡಿಗೆ. ರೇಸಿನ ಸ್ಪ್ರಿಂಗ್ ಈ ಹಗುರ ಗಾಡಿಗೆ ತೀರಾ ಬಿರುಸು ಎಂದು ಹಾಗೆ ತಿಳಿಯಿತು. ಶಾಕ್ ಉಳಿಸಿಕೊಂಡು ಸ್ಪ್ರಿಂಗ್ ಮಾತ್ರ ಮೆತ್ತನೆಯದು ತರಿಸಿದರು.

ಅರವತ್ತಮೂರರ ಡೊರೀನ್ ಹದಿನೇಳಕ್ಕೆ ಎರಕದ ಕಾರ್ಖಾನೆಯೊಂದರಲ್ಲಿ ಟೈಪಿಸ್ಟ್ ಆಗಿ ಸೇರಿದವರು. ಊಟದ ಬಿಡುವಿನಲ್ಲಿ ಬೆಸುಗೆ ಕಲಿತರು. "ಹುಡುಗಿ ಕೂದಲು ಸುಟ್ಕೋತಾಳೆ ಅಂತಿದ್ರು. ಸುಟ್ಕೊಂಡೆ. ಮತ್ತೆ ಬೆಳೀತು." ಈಗ ಭುಜ ನೋವು, ಮಧ್ಯಾಹ್ನದ ಮೇಲೆ ಕೈ ಎತ್ತಲಾಗುವುದಿಲ್ಲ. ಹಾಟ್‌ರಾಡ್ ಪ್ರದರ್ಶನದಲ್ಲಿ ಗಾಡಿಯ ಮುಂದಿನ ಫಲಕದಲ್ಲಿ ಬಣ್ಣ ಬಳಿದವನ ಹೆಸರಿರುತ್ತದೆ, ಇವರದಿಲ್ಲ. ನನಗೆ ಸಿಟ್ಟು ಬರುತ್ತದೆ. ಅವರಿಗೆ ಬರುವುದಿಲ್ಲ.

ಬೆಸುಗೆ ಮುಗಿದು, ತಪಾಸಣೆಯ ಎಂಜಿನಿಯರ್ ಒಪ್ಪಿಗೆಯ ಮುದ್ರೆಯನ್ನೂ ಒತ್ತಿದ್ದಾಗಿದೆ. ಶನಿವಾರ ಬೆಳಿಗ್ಗೆ ಗ್ಲೆನಿಸ್ ಚಹಾ ಲೋಟ ಹಿಡಿದೇ ಹತ್ತುತ್ತಾರೆ. "ಚೆಲ್ಲಿದ್ರೆ ಇಳಿದು ನಡ್ಕೊಂಡ್ ಬರ್ತೀನಿ." ರೈಲು ಹಳಿ ದಾಟಿ ವಾಪಸು ಬರುವುದೆಂದು ಮಾತು. ಗಾಡಿ ಹಳಿ ದಾಟುತ್ತದೆ, ತಿರುಗುವುದಿಲ್ಲ, ಕಣ್ಮರೆಯಾಗುತ್ತದೆ. ಡೊರೀನ್ ಒಂದೇ ಸ್ಪಾನರನ್ನು ಒರೆಸುತ್ತಲೇ ಇದ್ದಾರೆ.

ಬಹಳ ಹೊತ್ತಿನ ಮೇಲೆ ಬಂದ ಗ್ಲೆನಿಸ್ ಕೈಯಲ್ಲಿ ಪಕ್ಕದೂರಿನ ಬೇಕರಿಯ, ಮಾಂಸ ತುಂಬಿದ ಬಿಸಿ ಪೈ.

"ಇವನು ತಿರುಗಿಸ್ತೀನಿ ಅಂದ. ನಾನೇ ಬಿಡ್ಲಿಲ್ಲ."

"ಹಳಿ ದಾಟ್ವಾಗ ಹೆಂಗಿತ್ತು?" ಡೊರೀನ್ ಕೇಳುತ್ತಾರೆ.

"ಯಾವ ಹಳಿ? ಮಾತಾಡ್ತಾ ಇದ್ವಿ, ಗೊತ್ತೇ ಆಗ್ಲಿಲ್ಲ."

ಫಲಕದಲ್ಲಿ ಇವರ ಹೆಸರು ಹಾಕಿಸುತ್ತೇನೆ ಎಂದು ಕೆವ್ ಹಟ ಹಿಡಿಯುತ್ತಾರೆ. ಡೊರೀನ್ ಪೈ ಕಚ್ಚುತ್ತ ಅಡ್ಡಡ್ಡ ತಲೆಯಾಡಿಸುತ್ತಾರೆ. "ಬೇಡ ಮಾರಾಯ. ಅವಳು ಹೇಳಿದ್ಲಲ್ಲ, ಗೊತ್ತೇ ಆಗ್ಲಿಲ್ಲ ಅಂತ. ಅದೇ ನನ್ನ ಹೆಸರು."