ಅಪ್ಪನ ಮದುವೆಗೆ ನಾನು ಹುಡುಕಿದ ಎಕ್ಕ

ಅವ್ವ ಹೋದ ಮೂರನೆಯ ವರ್ಷಕ್ಕೆ ಅಪ್ಪನ ಎರಡನೆಯ ಹೆಂಡತಿಯಾಗಿ ಬಂದ ಚಿಗವ್ವನೂ ಬಳ್ಳಾರಿಯ ಆಸ್ಪತ್ರೆಯಲ್ಲಿ ತೀರಿಕೊಂಡಳು. ಇಬ್ಬರ ಹಾಸಿಗೆಯ ಪಕ್ಕದಲ್ಲೂ ಕೂತವಳು ನಾನೇ. ನನಗಾಗ ಹದಿನೇಳು ವರ್ಷ.

ಚಿಗವ್ವನ ಬಾತ ಮೊಣಕಾಲಿಗೆ ಎಕ್ಕದ ಎಲೆ ಬಿಸಿ ಮಾಡಿ ಕಟ್ಟಬೇಕಾಗಿತ್ತು. ನಮ್ಮೂರು ಸಿರುಗುಪ್ಪದ ಹೊಳೆದಂಡೆಗೆ ದಿನವೂ ಎಲೆಗೆ ಹೋಗಿ ಹೋಗಿ, ಆ ಗಿಡದಲ್ಲಿ ಎರಡು ಜಾತಿ ಇರುವುದು ಕಣ್ಣಿಗೆ ಬಿತ್ತು. ಒಂದು ಆಳೆತ್ತರದ್ದು, ಮೊಗ್ಗು ನೀಳ, ಅರಳಿದರೆ ಎಸಳು ಅಗಲವಾಗಿ ಹಿಂದಕ್ಕೆ ಬಾಗುತ್ತವೆ. ಹೆಚ್ಚಿನವು ತಿಳಿ ನೇರಳೆ, ಅಪರೂಪಕ್ಕೆ ಅಚ್ಚ ಬಿಳಿ; ಬಿಳಿ ಎಕ್ಕವೆನ್ನುವುದು ಅದನ್ನೇ. ಇನ್ನೊಂದು ಗಿಡ್ಡ, ಮೊಗ್ಗು ದುಂಡಗೆ, ಎಸಳು ಬಟ್ಟಲಿನಂತೆ ಮೇಲಕ್ಕೇ ನಿಲ್ಲುತ್ತವೆ. ಮೈ ಬಿಳಿ, ತುದಿ ಮಾತ್ರ ಕಡು ನೇರಳೆ. ಮೂಸಿದರೆ ಸಣ್ಣ ಪರಿಮಳ.

ವರ್ಷ ತುಂಬುವುದರೊಳಗೆ ಅಪ್ಪನಿಗೆ ಮತ್ತೆ ಹೆಣ್ಣು ಗೊತ್ತಾಯಿತು. ಮೂರನೆಯ ಹೆಂಡತಿ ಬಾಳುವುದಿಲ್ಲವೆಂಬ ನಂಬಿಕೆ. ಆದ್ದರಿಂದ ಮೊದಲು ಬಿಳಿ ಎಕ್ಕಕ್ಕೆ ತಾಳಿ ಕಟ್ಟಿ, ಗಿಡವನ್ನೇ ಮೂರನೆಯವಳನ್ನಾಗಿ ಮಾಡಬೇಕು. ಮದುವೆ ಕುರುಗೋಡಿನ ಸೋದರತ್ತೆಯ ಮನೆಯಲ್ಲಿ. ಗಿಡ ಹುಡುಕಲು ಅತ್ತೆ ನನ್ನನ್ನೇ ಕಳಿಸಿದಳು.

ಎರಡು ಬೆಳಗು ಅಲ್ಲಿನ ಗುಡ್ಡದ ಬುಡವೆಲ್ಲ ಸುತ್ತಿದೆ. ಎತ್ತರದ ಗಿಡಗಳೆಲ್ಲ ನೇರಳೆ ಹೂವಿನವೇ. ಮೂರನೆಯ ದಿನ ಹೊಲದ ಬದುವಿನಲ್ಲಿ ಗಿಡ್ಡ ಜಾತಿಯದೊಂದು ಕಂಡಿತು. ದೂರಕ್ಕೆ ಬಿಳಿಯಾಗಿಯೇ ಕಾಣುತ್ತಿತ್ತು. ಕಾಲು ಸೋತಿದ್ದವು. ಗಿಡ ಸಿಕ್ಕಿತೆಂದು ಹೇಳಿಬಿಟ್ಟೆ.

ಮದುವೆಯ ದಿನ ಗಿಡಕ್ಕೆ ದಾರ ಸುತ್ತುತ್ತಿದ್ದ ಜೋಯಿಸರು ಬಾಗಿ ಹೂವು ನೋಡಿದರು.

"ತುದಿಗೆ ಬಣ್ಣ ಐತಲ್ಲವಾ. ಇದು ಬಿಳಿ ಎಕ್ಕಿ ಹೌದೇನು?"

ಸುಳ್ಳು ಹೇಳಲೂ ನನ್ನಲ್ಲಿ ತ್ರಾಣವಿರಲಿಲ್ಲ. "ಅಲ್ಲರಿ, ಇದು ಬ್ಯಾರೆ ಜಾತಿ. ಅದು ಸಿಗಲಿಲ್ಲ. ಇನ್ನ ಹುಡಕಾಕ ನನ್ನ ಕೈಲಿ ಆಗಂಗಿಲ್ಲ."

ಅತ್ತೆ ಗದರಲು ಬಾಯಿ ತೆರೆದಳು. ಅಪ್ಪ ನನ್ನನ್ನು ಬಹಳ ಹೊತ್ತು ನೋಡಿದ. ಅವ್ವ ಹೋದ ಮೇಲೆ ಅವನು ಹಾಗೆ ನೋಡಿದ್ದು ಅದೇ ಮೊದಲು. "ನಡೀತೈತಿ, ಮುಗಸ್ರಿ" ಎಂದು ತಾಳಿ ಕಟ್ಟಿದ.

ಹೊಸ ಚಿಗವ್ವ ಆದವಾನಿ ಕಡೆಯ ತೆಲುಗು ಮನೆಯವಳು, ನನಗಿಂತ ಮೂರು ವರ್ಷಕ್ಕೆ ದೊಡ್ಡವಳು. ಅವಳಿಗೆ ನೆಗಡಿ ಬಂದರೂ, ನೋಡಲು ಬಂದ ಅತ್ತೆ ನಾನು ತಪ್ಪು ಗಿಡ ತೋರಿಸಿದ್ದನ್ನೇ ಎತ್ತುತ್ತಿದ್ದಳು. ಕೇಳಿ ಕೇಳಿ ಚಿಗವ್ವ ಒಂದು ಮಧ್ಯಾಹ್ನ ಎರಡೂ ಗಿಡ ತೋರಿಸೆಂದಳು. ಹೊಳೆದಂಡೆಯಲ್ಲಿ ಎರಡರ ಹೂವು ಕಿತ್ತು ಅವಳ ಅಂಗೈಯಲ್ಲಿಟ್ಟೆ. ಹೊರಳಿಸಿ ಹೊರಳಿಸಿ ನೋಡಿದಳು. ಹೆದರಿಕೆಯೇ ಎಂದು ಕೇಳಿದೆ. ಇಲ್ಲವೆಂದು ತಲೆಯಾಡಿಸಿದಳು.

"ಅವತ್ತ ಇದ ಬಿಳಿ ಎಕ್ಕಿ ಅಂತ ಸುಳ್ಳ ಹೇಳಬೌದಿತ್ತಲ್ಲ, ಯಾಕ ಹೇಳಲಿಲ್ಲ?"

"ಸಾಕಾಗಿತ್ತು" ಎಂದೆ.

ಅವಳು ಕೈಗೆ ಹತ್ತಿದ ಹಾಲನ್ನು ಮರಳಿನಲ್ಲಿ ಉಜ್ಜಿಕೊಂಡಳು. ಆ ಸಂಜೆ ಅಡುಗೆಯೆಲ್ಲ ತಾನೇ ಮಾಡಿ, ನನ್ನನ್ನು ಒಲೆಯ ಹತ್ತಿರ ಬಿಡಲಿಲ್ಲ.

ಚಿಗವ್ವ ಮೂರು ಮಕ್ಕಳನ್ನು ಹೆತ್ತು, ಅಪ್ಪನಿಗಿಂತ ಹೆಚ್ಚು ಕಾಲ ಬದುಕಿದಳು. ಮದುವೆಯ ಮರುವರ್ಷವೇ ಅಪ್ಪನೊಂದಿಗೆ ಜಗಳವಾಡಿ ನನ್ನನ್ನು ಬಳ್ಳಾರಿಗೆ ಶಿಕ್ಷಕಿಯರ ತರಬೇತಿಗೆ ಕಳಿಸಿದವಳೂ ಅವಳೇ. ಅಲ್ಲಿ ಮೊದಲ ತಿಂಗಳು, ಪಾಠ ಮುಗಿದೊಡನೆ ಕೋಣೆಗೆ ಬಂದು ನಾನು ಬರೀ ನಿದ್ದೆ ಮಾಡಿದೆ.