ಅಮ್ಮನ ಕೈ ಅಡ್ಯಾರಿನ ವೇದಿಕೆ ಹತ್ತಿದ್ದು

"ನಿಮ್ಮ ಗುರು ಯಾರು?"

ಚೆನ್ನೈನ ಅಡ್ಯಾರಿನಲ್ಲಿ ಬಾಡಿಗೆ ಮನೆ ನೋಡಲು ಹೋದಾಗ ಮಾಲೀಕರು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಇದು. ಎಷ್ಟು ಜನ, ಯಾವ ಜನ, ಮಾಂಸ ಬೇಯಿಸುತ್ತೀರಾ ಎಂಬಂಥ ಪ್ರಶ್ನೆಗಳಿಗೆ ಉತ್ತರ ಜೋಡಿಸಿಕೊಂಡು ಹೋಗಿದ್ದೆ. ನನ್ನ ಗಂಡ ಮಂಜುನಾಥ ಮಾತಿನ ಭರದಲ್ಲಿ ಇವಳು ಡ್ಯಾನ್ಸರ್ ಎಂದುಬಿಟ್ಟಿದ್ದ. ಎಪ್ಪತ್ತು ದಾಟಿದ ಆ ಹಿರಿಯರ ಮುಖ ಅರಳಿತು. ಗುರುವಿನ ಹೆಸರು ಕೇಳಿದರು, ಅರಂಗೇಟ್ರಂ ಎಲ್ಲಾಯಿತು ಎಂದರು. ಅರಂಗೇಟ್ರಂ ಎಂದರೆ ನಮ್ಮ ಕಡೆಯ ರಂಗಪ್ರವೇಶ. ನಾನು ಭರತನಾಟ್ಯದವಳಲ್ಲ, ಕಂಟೆಂಪರರಿ, ಈ ಕಾಲದ ಹೊಸ ನೃತ್ಯ ಎಂದೆ. ಅರಳಿದ ಮುಖ ಹಾಗೇ ಮುಚ್ಚಿಕೊಂಡಿತು. "ಓ, ನೆಲದ ಮೇಲೆ ಬಿದ್ದು ಹೊರಳೋದು. ಕೆಳಗಿನ ಮನೆಯವರಿಗೆ ತೊಂದರೆ ಆಗುತ್ತಲ್ಲಮ್ಮಾ" ಎಂದು ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡರು.

ನಮ್ಮ ಶಿಡ್ಲಘಟ್ಟದಲ್ಲಿ ಕುಣಿಯುವ ಹೆಂಗಸಿಗೆ ಮನೆ ಕೊಡುವುದಿಲ್ಲ. ಇಲ್ಲಿ ಸರಿಯಾದ್ದನ್ನು ಕುಣಿಯದ ಹೆಂಗಸಿಗೆ ಕೊಡುವುದಿಲ್ಲ. ಎರಡರಲ್ಲಿ ಯಾವುದು ಹೆಚ್ಚಿನ ಅವಮಾನ ಎಂದು ಬಸ್‌ಸ್ಟಾಪಿನವರೆಗೂ ಯೋಚಿಸಿದೆ. ಮಂಜುನಾಥ ನಗುತ್ತಿದ್ದ. ನನಗೆ ನಗು ಬರಲಿಲ್ಲ.

ಕೊನೆಗೆ ಮನೆ ಸಿಕ್ಕಿದ್ದು ಪೆರಂಬೂರಿನಲ್ಲಿ, ಅವನು ಕೆಲಸ ಮಾಡುವ ರೈಲ್ವೆ ವರ್ಕ್‌ಶಾಪಿಗೆ ಹತ್ತಿರ. ಅಲ್ಲಿ ಯಾರೂ ಗುರುವಿನ ಹೆಸರು ಕೇಳಲಿಲ್ಲ. ನೀರು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಮಾತ್ರ ಹೇಳಿದರು. ಎದುರು ಮನೆಯ ಅಂಬುಜಮ್ಮನವರು ಮೈಸೂರಿನವರು. ಮಾವನ ಕಾಲದಿಂದ ರೈಲ್ವೆ ಕುಟುಂಬ, ನಲವತ್ತು ವರ್ಷದಿಂದ ಇಲ್ಲೇ. ಅವರ ಕನ್ನಡದಲ್ಲಿ ಅರ್ಧಕ್ಕರ್ಧ ತಮಿಳು. ನಾನು ರಾಗಿ ಹಿಟ್ಟಿಗೆ ಅಲೆಯುತ್ತಿದ್ದಾಗ "ಕವಲೆ ಪಡಬೇಡಮ್ಮಾ, ಕೇಳ್ವರಗು ಮಾವು ಅಂತ ಕೇಳು, ಕೊಡ್ತಾನೆ" ಎಂದರು. ಕವಲೆ ಅಂದರೆ ಚಿಂತೆ, ಕೇಳ್ವರಗು ಮಾವು ಅಂದರೆ ನಮ್ಮ ರಾಗಿ ಹಿಟ್ಟು. ಅಂಗಡಿಯವನು ಕೊಟ್ಟ. ಅವತ್ತು ಮುದ್ದೆ ಕಟ್ಟಿ, ಬಸ್ಸಾರು ಮಾಡಿ, ಊರು ಗೆದ್ದವಳ ಹಾಗೆ ಊಟ ಮಾಡಿದೆ. ಒಂಬತ್ತು ವರ್ಷದ ಮಗಳು ಚಿನ್ನು ಮಾತ್ರ ತಟ್ಟೆ ಸರಿಸಿ "ವೇಂಡಾಂ" ಎಂದಳು. ಬೇಡ ಎನ್ನುವುದನ್ನೇ ಅವಳು ತಮಿಳಿನಲ್ಲಿ ಮೊದಲು ಕಲಿತದ್ದು. ಆರು ತಿಂಗಳಲ್ಲಿ ನಾನು ಕನ್ನಡದಲ್ಲಿ ಕೇಳುವುದು, ಅವಳು ತಮಿಳಿನಲ್ಲಿ ಉತ್ತರ ಕೊಡುವುದು ಮನೆಯ ಪದ್ಧತಿಯಾಯಿತು.

ನಾನು ಯಾರು ಎಂದು ಹೇಳಬೇಕಲ್ಲ. ನಾನು ನಾಗರತ್ನ. ನನ್ನ ಅಮ್ಮ ಮುನಿಯಮ್ಮ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸ ಮಾಡಿದವಳು. ಕುದಿಯುವ ನೀರಿನಲ್ಲಿ ಗೂಡು ಬೇಯುತ್ತಿರುತ್ತದೆ. ಅದರೊಳಗೆ ಬೆರಳಿಟ್ಟು, ಕಣ್ಣಿಗೂ ಕಾಣದ ಎಳೆಯ ತುದಿ ಹುಡುಕಿ, ನಾಲ್ಕೈದು ಗೂಡಿನ ಎಳೆಗಳನ್ನು ಸೇರಿಸಿ ರಾಟೆಗೆ ಕೊಡಬೇಕು. ಪಕ್ಕದಲ್ಲಿ ಒಂದು ಬೋಗುಣಿ ತಣ್ಣೀರು. ಬಿಸಿಗೆ ಅದ್ದು, ತಣ್ಣೀರಿಗೆ ಅದ್ದು, ಮತ್ತೆ ಬಿಸಿಗೆ. ಹುಳು ಬೆಂದ ವಾಸನೆ ಸೀರೆಯಲ್ಲಿ, ಕೂದಲಲ್ಲಿ, ಅನ್ನದಲ್ಲಿ. ಸಂಜೆ ಅವಳ ಬೆರಳು ಬೆಳ್ಳಗೆ ನೆನೆದು, ಚರ್ಮ ಪದರ ಪದರವಾಗಿ ಎದ್ದಿರುತ್ತಿತ್ತು. ಬೆಂಗಳೂರಿನ ಕಾಲೇಜಿಗೆ ಸೇರಿದ ಮೇಲೆ ಒಂದು ನೃತ್ಯ ಶಿಬಿರ ನನ್ನನ್ನು ಹಿಡಿಯಿತು, ಬಿಡಲಿಲ್ಲ. ಹದಿನಾಲ್ಕು ವರ್ಷ ಅಲ್ಲಿನ ತಂಡಗಳಲ್ಲಿ ಕುಣಿದೆ. ಆಮೇಲೆ ಗಂಡನಿಗೆ ವರ್ಗವಾಯಿತು.

ಚೆನ್ನೈನಲ್ಲಿ ಕೆಲಸ ಸಿಕ್ಕಿದ್ದು ಮೃದುಲಾ ಅವರ ತಂಡದಲ್ಲಿ. ವಿದೇಶದಲ್ಲಿ ಕಲಿತು ಬಂದು ಅಡ್ಯಾರಿನಲ್ಲಿ ಸ್ಟುಡಿಯೋ ನಡೆಸುವ ಹೆಂಗಸು, ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಎಲ್ಲರೂ ಅಕ್ಕಾ ಎನ್ನುತ್ತಿದ್ದರು, ನಾನೂ ಎಂದೆ. ಲೋಕಲ್ ರೈಲಿನಲ್ಲಿ ಸೆಂಟ್ರಲ್, ಅಲ್ಲಿಂದ ಬಸ್ಸು. ಬೆವರಿ ತೊಪ್ಪೆಯಾಗಿ ಸ್ಟುಡಿಯೋ ಸೇರುತ್ತಿದ್ದೆ. ಆದರೂ ಖುಷಿಯಿತ್ತು. ಅಲ್ಲಿ ನೆಲದ ಮೇಲೆ ಹೊರಳಿದರೆ ಯಾರೂ ಬೈಯುತ್ತಿರಲಿಲ್ಲ.

ಒಂದು ದಿನ ಅವರು ಎಲ್ಲರಿಗೂ ಹೇಳಿದರು, "ನಿಮ್ಮ ಮನೆಯಲ್ಲಿ ನೋಡಿದ ಯಾವುದಾದರೂ ಕೆಲಸವನ್ನು ಮೈಯಲ್ಲಿ ತನ್ನಿ." ಬೇರೆಯವರು ಕೋಲ ಹಾಕುವುದು, ಹೂ ಕಟ್ಟುವುದು ತಂದರು. ಕೋಲ ಎಂದರೆ ರಂಗೋಲಿ. ನಾನು ಅಮ್ಮನ ಕೈ ತಂದೆ. ಕೂತು, ಬೆನ್ನು ಬಾಗಿಸಿ, ಅದ್ದಿ, ಹುಡುಕಿ, ಎಳೆದು, ಮತ್ತೆ ಅದ್ದಿ ತೋರಿಸಿದೆ. ಮುಗಿಸಿದಾಗ ಮೃದುಲಾ ಅವರ ಕಣ್ಣು ಒದ್ದೆಯಾಗಿತ್ತು. "ಇದೇ. ಈ ವರ್ಷದ ಸೀಸನ್ನಿಗೆ ಇದೇ" ಎಂದರು. ಅವರ ಆ ಕಣ್ಣೀರು ನಿಜ ಎಂದು ನಾನು ಈಗಲೂ ನಂಬುತ್ತೇನೆ. ಅದಕ್ಕೇ ಸಿಟ್ಟು ಹೆಚ್ಚು.

ಮೂರು ತಿಂಗಳು ಐದು ಜನಕ್ಕೆ ಆ ಕೈಯನ್ನು ಕಲಿಸಿದೆ. ಬಿಸಿ ತಾಗಿದ ಬೆರಳು ಹೇಗೆ ಹಿಂದೆ ಬರುತ್ತದೆ, ಎಳೆ ಸಿಕ್ಕಾಗ ಭುಜ ಹೇಗೆ ಇಳಿಯುತ್ತದೆ, ಎಲ್ಲವನ್ನೂ.

ಸೀಸನ್ ಎಂದರೇನು ಎಂದು ನಮ್ಮ ಕಡೆ ಇರುವ ನಿಮಗೆ ಹೇಳಬೇಕು. ಇಲ್ಲಿನವರು ಮಾರ್ಗಳಿ ಎನ್ನುವುದು ನಮ್ಮ ಧನುರ್ಮಾಸ. ಡಿಸೆಂಬರ್ ಬಂತೆಂದರೆ ಊರಿನ ಸಭಾಂಗಣಗಳೆಲ್ಲ ತೆರೆದುಕೊಳ್ಳುತ್ತವೆ, ಬೆಳಗಿನಿಂದ ಸಂಜೆವರೆಗೆ ಕಛೇರಿ, ಭರತನಾಟ್ಯ, ಕ್ಯಾಂಟೀನಿನ ಮುಂದೆ ಸಾಲು. ನಮ್ಮಲ್ಲಿ ರಾಮನವಮಿಗೆ ಪೆಂಡಾಲು ಹಾಕಿ ಪಾನಕ ಹಂಚಿ ಯಾರು ಬೇಕಾದರೂ ಕೂರಬಹುದು. ಇಲ್ಲಿ ಯಾರು ಎಷ್ಟು ಗಂಟೆಗೆ ವೇದಿಕೆ ಹತ್ತುತ್ತಾರೆ ಎಂಬುದರಲ್ಲೇ ಅವರ ಅಂತಸ್ತು ಗೊತ್ತಾಗುತ್ತದೆ. ಕಂಟೆಂಪರರಿಗೆ ಸಿಗುವುದು ಮಧ್ಯಾಹ್ನ ಎರಡೂವರೆಗೆ ಒಂದು ಚಿಕ್ಕ ಸಭಾಂಗಣ. ಆ ವರ್ಷ ಮಾತ್ರ ಅಡ್ಯಾರಿನ ಒಂದು ಸಂಸ್ಥೆ ಹೊಸ ನೃತ್ಯಗಳಿಗೇ ಒಂದು ವಾರದ ಸಂಜೆಗಳನ್ನು ಕೊಟ್ಟಿತ್ತು. ಅದರ ಮೊದಲ ಸಂಜೆ ನಮ್ಮದು.

ಮುಂಬರುವ ಪ್ರದರ್ಶನಗಳ ಪುಸ್ತಿಕೆ ಬಂದ ದಿನ ನಾನು ಸ್ಟುಡಿಯೋದ ಬಾಗಿಲಲ್ಲೇ ನಿಂತು ಓದಿದೆ. ಹೊಳೆಯುವ ಕಾಗದ, ಪುಟದ ತುಂಬ ಎರಡು ಕೈಗಳ ಚಿತ್ರ. ಕೃತಿಯ ಹೆಸರು 'ನೂಲು'. ಪರಿಕಲ್ಪನೆ, ಸಂಶೋಧನೆ, ನೃತ್ಯ ಸಂಯೋಜನೆ: ಮೃದುಲಾ. ದಕ್ಷಿಣದ ರೇಷ್ಮೆ ಕಾರ್ಮಿಕರಿಂದ ಅವರು ಸಂಗ್ರಹಿಸಿದ ಚಲನೆಗಳಂತೆ. ಕುಣಿಯುವವರು ಐದು ಜನ, ಅದರಲ್ಲಿ ನಾನಿಲ್ಲ. ಕೊನೆಯ ಸಾಲಿನಲ್ಲಿ, ಬೆಳಕಿನವರ, ಬಟ್ಟೆಯವರ ಹೆಸರಾದ ಮೇಲೆ, 'ತಾಲೀಮಿನ ನೆರವು: ರತ್ನಾ' ಎಂದಿತ್ತು. ನಾಗರತ್ನ ಕೂಡ ಅಲ್ಲ.

ಒಳಗೆ ಹೋಗಿ ಪುಸ್ತಿಕೆಯನ್ನು ಅವರ ಮುಂದಿಟ್ಟೆ.

"ಅಕ್ಕಾ, ಎಲ್ಲಿ ಸಂಗ್ರಹ ಮಾಡಿದಿರಿ ಇದನ್ನು? ಶಿಡ್ಲಘಟ್ಟ ನೋಡಿದ್ದೀರಾ ನೀವು?"

"ರತ್ನಾ, ಕೂತ್ಕೊ. ಇದು ಬರೀ ಬರವಣಿಗೆಯ ಭಾಷೆ. ಅನುದಾನದವರು ಹೀಗೇ ಕೇಳ್ತಾರೆ."

"ನಾನ್ಯಾಕೆ ಕುಣಿಯುವವರಲ್ಲಿ ಇಲ್ಲ?"

"ಐದೂ ಜನದ ಮೈಕಟ್ಟು ಒಂದೇ ಥರ ಇರಬೇಕಿತ್ತು. ನಿನಗೆ ಅರ್ಥ ಆಗುತ್ತೆ ಅಂದ್ಕೊಂಡೆ."

ಎರಡನೇ ಭಾಷೆಯಲ್ಲಿ ತರಕಾರಿ ಕೊಳ್ಳಬಹುದು, ದಾರಿ ಕೇಳಬಹುದು, ಜಗಳವಾಡಲು ಆಗುವುದಿಲ್ಲ. ನನ್ನ ತಮಿಳು ಎರಡು ವಾಕ್ಯಕ್ಕೆ ಮುಗಿಯಿತು, ಇಂಗ್ಲಿಷ್ ತೊದಲಿತು, ಕೊನೆಗೆ ಕನ್ನಡದಲ್ಲೇ ಕೂಗಿದೆ: "ಅದು ನಮ್ಮಮ್ಮನ ಕೈ! ಕದ್ದಿದ್ದೀರ!" ಅವರಿಗೆ ಅರ್ಥವಾಯಿತು. ದನಿ ಎತ್ತರಿಸದೆ ಹೇಳಿದರು, "ಚಲನೆ ಯಾರ ಸ್ವತ್ತೂ ಅಲ್ಲ ರತ್ನಾ. ನೀನು ನಿನ್ನ ಅಮ್ಮನನ್ನ ಕೇಳಿ ತಂದಿದ್ದೀಯಾ?"

ಪುಸ್ತಿಕೆ ತೆಗೆದುಕೊಂಡು ಹೊರಟುಬಂದೆ. ಬಸ್ಸಿನಲ್ಲಿ ಅವರ ಮೇಲಿನ ಸಿಟ್ಟು ನನ್ನ ಮೇಲೆಯೇ ತಿರುಗಿತು. ಕೇಳಿರಲಿಲ್ಲ, ನಿಜ. ಕೇಳಬೇಕು ಎಂದು ಹೊಳೆದೂ ಇರಲಿಲ್ಲ.

"ಅಡ್ಜಸ್ಟ್ ಮಾಡ್ಕೊ, ಹೊಸ ಊರು" ಎಂದ ಮಂಜುನಾಥ. ಅವನ ಜೊತೆ ಎರಡು ದಿನ ಮಾತು ಬಿಟ್ಟೆ. ಅಮ್ಮನಿಗೆ ಫೋನ್ ಮಾಡಿದೆ. ಈಗ ಅವಳು ಶಾಲೆಯೊಂದರಲ್ಲಿ ಬಿಸಿಯೂಟ ಬೇಯಿಸುತ್ತಾಳೆ. ನನ್ನ ಕಥೆಯನ್ನೆಲ್ಲ ಕೇಳಿ ಅವಳು ನನ್ನ ಪರ ನಿಲ್ಲುತ್ತಾಳೆ ಎಂದುಕೊಂಡಿದ್ದೆ.

"ಅಲ್ಲ ಕಣೇ, ನನ್ನ ಕೈನ ಯಾವಳೋ ಕುಣಿಸಿದಳು ಅಂತ ಬೈತೀಯ. ಮೊದಲು ಕುಣಿಸಿದವಳು ಯಾರು?" ಎಂದಳು. "ಆ ಕೈನ ಮದುವೆ ಮನೆಗಳಲ್ಲಿ ಸೆರಗಲ್ಲಿ ಮುಚ್ಕೊಂಡು ಕೂತಿದ್ದೋಳು ನಾನು. ಅರಿಶಿನ ಕುಂಕುಮ ಕೊಡಕ್ಕೆ ಬಂದೋರು ಬೆರಳು ನೋಡಿ ಮುಖ ತಿರುಗಿಸ್ತಿದ್ರು. ಅದನ್ನ ತಗೊಂಡೋಗಿ ಊರಿಗೆಲ್ಲ ತೋರ್ಸಿದ್ದೀಯ."

ನಾನು ಅತ್ತುಬಿಟ್ಟೆ. ಅವಳು ಅಳಲಿಲ್ಲ. ಬದಲಿಗೆ ಕೇಳಿದಳು, "ಯಾವತ್ತಂತೆ ಅದು? ನಾನೂ ನೋಡ್ಬೇಕು."

ಮೂರು ದಿನ ರಜೆ ಹಾಕಿ ರೈಲು ಹತ್ತಿ ಬಂದಳು. ಪ್ರದರ್ಶನದ ಸಂಜೆ ನಾವು ನಾಲ್ಕೂ ಜನ ಹೋಗಿ ಮುಂದಿನ ಸಾಲಿನಲ್ಲಿ ಕೂತೆವು. ಸುತ್ತ ಒಳ್ಳೊಳ್ಳೆ ಕೈಮಗ್ಗದ ಸೀರೆಗಳು, ರೇಷ್ಮೆಯವೂ ಇದ್ದವು. ಅಮ್ಮ ಅವುಗಳ ನೂಲನ್ನೇ ನೋಡುತ್ತಿದ್ದಳು. ದೀಪ ಆರಿತು. ಐದು ಜನ ಬಿಳಿ ಬಟ್ಟೆಯಲ್ಲಿ ಬಂದು ನಾನು ಕಲಿಸಿದ್ದನ್ನೆಲ್ಲ ಒಂದೂ ತಪ್ಪದೆ ಮಾಡಿದರು. ಚೆನ್ನಾಗಿತ್ತು. ಅದನ್ನು ಒಪ್ಪಿಕೊಳ್ಳಲು ಹೊಟ್ಟೆ ಉರಿಯಿತು, ಆದರೂ ಚೆನ್ನಾಗಿತ್ತು.

ಕೊನೆಯಲ್ಲಿ ಪ್ರೇಕ್ಷಕರೊಡನೆ ಮಾತುಕತೆ. ಯಾರೋ ಬೆಳಕಿನ ಬಗ್ಗೆ ಕೇಳಿದರು, ಇನ್ನಾರೋ ಮೌನದ ಬಗ್ಗೆ. ಅಮ್ಮ ಎದ್ದು ನಿಂತಳು. ನಾನು ಸೆರಗು ಹಿಡಿದು ಎಳೆದೆ, ಕೊಸರಿಕೊಂಡಳು. ನಮ್ಮೂರಲ್ಲಿ ಕನ್ನಡದಷ್ಟೇ ತೆಲುಗೂ ಆಡುತ್ತಾರೆ. ಮದರಾಸಿನವರಿಗೆ ತೆಲುಗು ತಿಳಿಯುತ್ತದೆ ಎಂದು ಅವಳಿಗೆ ಯಾರು ಹೇಳಿದರೋ. "ನೀಳ್ಳು ಏಡಮ್ಮಾ?" ಎಂದಳು. ನೀರೆಲ್ಲಮ್ಮಾ ಎಂದು. ಸಭೆಯಲ್ಲಿ ಅರ್ಧ ಜನಕ್ಕೆ ಅರ್ಥವಾಯಿತು, ತಿರುಗಿ ನೋಡಿದರು.

"ನೀರು ಸುಡುತ್ತೆ. ಈ ಮಕ್ಕಳ ಮುಖದಲ್ಲಿ ಸುಡೋದು ಎಲ್ಲೂ ಕಾಣಲಿಲ್ಲ" ಎಂದು ತೆಲುಗಿನಲ್ಲೇ ಮುಂದುವರಿಸಿದಳು. "ನಾನು ಮುನಿಯಮ್ಮ. ಇಪ್ಪತ್ತೆರಡು ವರ್ಷ ಅದರಲ್ಲಿ ಕೈ ಇಟ್ಟಿದ್ದೆ. ಇವಳು ನನ್ನ ಮಗಳು, ನೋಡಿ ಕಲಿತಳು, ಇವರಿಗೆ ಕಲಿಸಿದಳು. ನಿಮ್ಮ ಪುಸ್ತಕದಲ್ಲಿ ನಾನೂ ಇಲ್ಲ, ಇವಳೂ ಇಲ್ಲ."

ಮೃದುಲಾ ವೇದಿಕೆಯಿಂದ ಇಳಿದು ಬಂದರು. ಅಮ್ಮನ ಕಾಲಿಗೆ ನಮಸ್ಕಾರ ಮಾಡಿದರು. ಸಭೆ ಚಪ್ಪಾಳೆ ತಟ್ಟಿತು, ಕ್ಯಾಮೆರಾಗಳು ಎದ್ದವು. ಅಮ್ಮನ ಎರಡೂ ಕೈ ಹಿಡಿದು ವೇದಿಕೆಗೆ ಬನ್ನಿ ಎಂದರು. ಆ ಕ್ಷಣ ನನಗೆ ಗೊತ್ತಾಯಿತು, ಈ ಚಿತ್ರವೂ ಮುಂದಿನ ಪುಸ್ತಿಕೆಯಲ್ಲಿ ಬರುತ್ತದೆ. ಅಮ್ಮನಿಗೂ ಗೊತ್ತಾಗಿರಬೇಕು. ಕೈ ಬಿಡಿಸಿಕೊಂಡು, "ಕಾಲು ಮುಟ್ಟೋದು ಬೇಡ, ಹೆಸರು ಬರೀರಿ" ಎಂದಳು. ಚೀಲ ತೆಗೆದುಕೊಂಡು ಬಾಗಿಲ ಕಡೆ ನಡೆದಳು. ಚಿನ್ನು ಅವಳ ಹಿಂದೆ ಓಡಿದಳು.

'ನೂಲು' ಕೃತಿಯ ಮುಂದಿನ ಪ್ರದರ್ಶನಗಳ ಪುಸ್ತಿಕೆಯಲ್ಲಿ ಅಮ್ಮನ ಹೆಸರು ಬರೆದರು. ಹೇಗೆ ಗೊತ್ತೇ? 'ಸ್ಫೂರ್ತಿ: ಮುನಿಯಮ್ಮ, ರೇಷ್ಮೆ ಕಾರ್ಮಿಕೆ.' ಪರಿಕಲ್ಪನೆ, ಸಂಶೋಧನೆ, ಸಂಯೋಜನೆ ಮೊದಲಿನಂತೆಯೇ. ನಾನು ತಾಲೀಮಿನ ನೆರವಾಗಿಯೇ ಉಳಿದೆ. ತಂಡ ಬಿಟ್ಟೆ. ಬೆಂಗಳೂರಿನ ಗೆಳತಿಯರಿಗೆ ಹೇಳಿದಾಗ "ವಾಪಸ್ ಬಾ, ನಮ್ಮಲ್ಲಿ ಹೀಗೆಲ್ಲ ಆಗಲ್ಲ" ಎಂದರು. ಆ ಮಾತಿಗೂ ಸಿಟ್ಟು ಬಂತು. ಹದಿನಾಲ್ಕು ವರ್ಷ ಅಲ್ಲಿದ್ದಾಗ ನಿನ್ನ ಅಮ್ಮ ಏನು ಮಾಡುತ್ತಿದ್ದಳು ಎಂದು ಒಬ್ಬರೂ ಕೇಳಿರಲಿಲ್ಲ. ಕದಿಯುವುದಕ್ಕಾದರೂ ಚೆನ್ನೈ ಕೇಳಿತು.

ಅಮ್ಮ ಹೊರಡುವ ಹಿಂದಿನ ಸಂಜೆ, ಪೆರಂಬೂರಿನ ನಮ್ಮ ಅಡುಗೆಮನೆಯಲ್ಲಿ, ನಾನು ಕೇಳಿದೆ. ಮೊದಲು ಕೇಳಬೇಕಾಗಿದ್ದನ್ನು.

"ಅಮ್ಮಾ, ನಿನ್ನ ಕೈ ನಾನು ಕುಣಿಯಲಾ?"

ಅವಳು ಹುಣಸೆ ಹಿಂಡುತ್ತಿದ್ದಳು. "ಬಿಸಿನೀರು ಇಟ್ಕೊಂಡು ಕುಣಿ. ಸುಳ್ಳುನೀರಲ್ಲಿ ಬೇಡ" ಎಂದಳು. ಆಮೇಲೆ ಕೈ ತೊಳೆದು ನನ್ನೆದುರು ಕೂತು, ಇಷ್ಟು ವರ್ಷ ನಾನು ತಪ್ಪಾಗಿ ಹಿಡಿದಿದ್ದ ಹೆಬ್ಬೆರಳನ್ನು ತಿದ್ದಿದಳು.

ಬರುವ ಭಾನುವಾರ ಸಂಜೆ ನಾಲ್ಕಕ್ಕೆ ನನ್ನ ಪ್ರದರ್ಶನ ಇದೆ, ಪೆರಂಬೂರಿನ ಒಂದು ಮದುವೆ ಮಂಟಪದ ಊಟದ ಹಾಲ್‌ನಲ್ಲಿ. ಸೀಸನ್ನಿನ ಯಾವ ಪಟ್ಟಿಯಲ್ಲೂ ಅದು ಇಲ್ಲ. ಮಂಟಪದವರು ಒಲೆ ಹಚ್ಚಲು ಬಿಡುವುದಿಲ್ಲ ಎಂದರು. ಅಂಬುಜಮ್ಮನವರು ನನ್ನ ಜೊತೆ ಬಂದು, ತಮಿಳಿನಲ್ಲಿ ನಾನು ಆಡಲಾರದ ಜಗಳವನ್ನು ನನ್ನ ಪರವಾಗಿ ಆಡಿ, ಒಂದು ಸಣ್ಣ ಗ್ಯಾಸ್ ಒಲೆಗೆ ಒಪ್ಪಿಸಿದರು. ಪಕ್ಕದಲ್ಲಿ ಮರಳಿನ ಬಕೆಟ್ಟು ಹಿಡಿದು ಮಂಜುನಾಥ ನಿಲ್ಲಬೇಕಂತೆ. ನಿಲ್ಲುತ್ತೇನೆ ಎಂದಿದ್ದಾನೆ.

ಕರಪತ್ರ ಬರೆದವಳು ಚಿನ್ನು, ತಮಿಳಿನಲ್ಲಿ, ದುಂಡಗಿನ ಅಕ್ಷರದಲ್ಲಿ. ಅಂಬುಜಮ್ಮನವರು ಕಾಗುಣಿತ ತಿದ್ದಿದರು. ಮೊದಲ ಸಾಲು ಯಾವುದು ಎಂದು ಕೇಳಿದೆ. ಓದಿಕೋ ಎಂದಳು. ಅಕ್ಷರ ಅಕ್ಷರವಾಗಿ ಕೂಡಿಸಿದೆ: ಮು, ನಿ, ಯ, ಮ್ಮಾ. ಎರಡನೇ ಸಾಲಿನಲ್ಲಿ ನನ್ನ ಹೆಸರು, ಪೂರ್ತಿಯಾಗಿ. ಅದನ್ನು ಫೋಟೋ ತೆಗೆದು ಅಮ್ಮನಿಗೆ ಕಳಿಸಿದೆ. "ಏನೋ ಬಳ್ಳಿ ಬರೆದಂಗದೆ, ಯಾರಿಗೂ ಓದಕ್ಕೆ ಬರ್ಲಿಲ್ಲ ಇಲ್ಲಿ" ಎಂದಳು. ಅವಳನ್ನು ಬಲ್ಲವರಿಗೆ ಈ ಅಕ್ಷರ ಗೊತ್ತಿಲ್ಲ. ಈ ಅಕ್ಷರ ಬಲ್ಲವರು ಅವಳನ್ನು ಕಂಡಿಲ್ಲ. ನನ್ನ ಸಿಟ್ಟು ಇಳಿದಿಲ್ಲ, ಇಳಿಯುವುದೂ ಬೇಡ. ಮೈದಾಹಿಟ್ಟಿನ ಅಂಟು ಕಾಯಿಸಿಕೊಂಡು ನಾನೂ ಚಿನ್ನುವೂ ಸ್ಟೇಷನ್ ರಸ್ತೆಯುದ್ದಕ್ಕೂ ನಲವತ್ತು ಗೋಡೆಗಳಿಗೆ ಅಮ್ಮನ ಹೆಸರು ಅಂಟಿಸಿ ಬಂದೆವು.