ಕೆಂಪು ಗೆರೆ ಮುಟ್ಟದ ಮುಳ್ಳು

ಮೊನ್ನೆ ನವನಗರದ ನಮ್ಮ ಮನೆಗೆ ನೀರಿನ ಫಿಲ್ಟರ್ ರಿಪೇರಿಯವನು ಬಂದಿದ್ದ. ಪೆನ್ನಿನಷ್ಟಿದ್ದ ಮೀಟರೊಂದನ್ನು ಲೋಟದ ನೀರಿಗೆ ಅದ್ದಿ, ಉಪ್ಪಿನಂಶ ಎಷ್ಟೆಂದು ಓದಿ ಹೇಳಿದ. ನನಗೆ ನಮ್ಮ ವಿಜ್ಞಾನದ ಮಾಸ್ತರರು ನೆನಪಾದರು...

ಬಹಳ ವರ್ಷಗಳ ಹಿಂದೆ ಕಮತಗಿ ಕಡೆಯ ಪ್ರೌಢಶಾಲೆಯಲ್ಲಿ ನಾನು ಕನ್ನಡ ಕಲಿಸುವ ಬಾಯಾರು, ಅವರು ವಿಜ್ಞಾನದ ಮಾಸ್ತರರು. ಸಮುದ್ರದ ನೀರಿನ ಉಪ್ಪು ಅಳೆಯುವ ಯಂತ್ರವೊಂದನ್ನು ಮಾಡಿದ್ದರು. ಹಳೆಯ ಸೆಲ್ಲು ಒಡೆದು ತೆಗೆದ ಎರಡು ಕರಿ ಕಡ್ಡಿ, ಒಂದು ಟ್ರಾನ್ಸ್‌ಫಾರ್ಮರ್, ಮುಳ್ಳಿನ ಮೀಟರು, ಇಷ್ಟೇ. ಉಪ್ಪು ಹೆಚ್ಚಿದ್ದಷ್ಟೂ ಕರೆಂಟು ಹೆಚ್ಚು ಹರಿದು ಮುಳ್ಳು ಏರುತ್ತಿತ್ತು. ಆದರೆ ಅವರು ಸಮುದ್ರ ಕಂಡವರೇ ಅಲ್ಲ! ಪುಸ್ತಕದಲ್ಲಿದ್ದ ಸಮುದ್ರದ ನೀರಿನ ಲೆಕ್ಕದಂತೆ ಉಪ್ಪು ತೂಗಿ ನೀರಿಗೆ ಹಾಕಿ, ಮುಳ್ಳು ನಿಂತಲ್ಲಿ ಕೆಂಪು ಗೆರೆ ಎಳೆದಿದ್ದರು. ಹುನಗುಂದದ ವಿಜ್ಞಾನ ಪ್ರದರ್ಶನಕ್ಕೆ ಹೆಸರೂ ಕೊಟ್ಟಾಗಿತ್ತು. ಅದಕ್ಕೆ ಮೊದಲು ಖರೇ ಸಮುದ್ರದ ನೀರಿನಲ್ಲಿ ಒಮ್ಮೆ ಪರೀಕ್ಷೆ ಆಗಬೇಕಿತ್ತು.

ರಜೆಯಲ್ಲಿ ನಾನು ಗೋಕರ್ಣಕ್ಕೆ ಹೊರಟಾಗ, "ಬಾಯಾರ, ಒಂದ್ ಬಾಟ್ಲಿ ಸಮುದ್ರದ ನೀರು ತರ್ತೀರೇನ್ರಿ?" ಎಂದರು.

ತುಂಬಿಕೊಂಡು ಬಂದೆ. ರಜೆ ಮುಗಿದ ಮೇಲೆ ಶಾಲೆಗೆ ಒಯ್ದೆ. ಅವರು ಕಡ್ಡಿ ಅದ್ದಿದರು. ಮುಳ್ಳು ಅರ್ಧ ದಾರಿಯಲ್ಲೇ ನಿಂತಿತು... ಮೂರು ಸಲ ಅದ್ದಿದರೂ ಅಷ್ಟೇ.

"ಸಮುದ್ರ ಸುಳ್ಳ ಹೇಳೂದಿಲ್ರಿ. ನನ್ನ ಗೆರಿನ ತಪ್ಪೈತಿ," ಎಂದು ಕೆಂಪು ಗೆರೆ ಒರೆಸಿದರು. ಅಂದೇ ಪ್ರದರ್ಶನದಿಂದ ಹೆಸರು ತೆಗೆಸಿಬಿಟ್ಟರು.

ಸಂಜೆ ಮನೆಗೆ ಬಂದು ಅತ್ತೆಗೆ ಇದನ್ನು ಹೇಳಿದೆ. ಶಾಲೆಗೆ ಒಯ್ಯುವ ತನಕ ಬಾಟಲಿ, ಗೋಕರ್ಣದ ತೀರ್ಥವೆಂದು, ಅವರ ದೇವರ ಜಗಲಿಯ ಮೇಲಿತ್ತು.

"ಓಣ್ಯಾಗಿನ ಮಂದಿಗೆಲ್ಲ ಒಂದೊಂದ್ ಬಟ್ಲ ಕೊಟ್ನೆವಾ. ಕಡಿಮಿ ಆತಂತ ನಳದ ನೀರು ಕೂಡಿಸಿದೆ. ತೀರ್ಥಕ್ಕ ನೀರು ಕೂಡಿಸಿದ್ರ ಅದೂ ತೀರ್ಥನ ಆಗ್ತೈತಿ. ಅದರಾಗೇನೈತಿ?"

ಮರುದಿನವೇ ಮಾಸ್ತರರಿಗೆ ಹೇಳಬೇಕಿತ್ತು. ಸ್ಟಾಫ್ ರೂಮಿನಲ್ಲಿ ಎಲ್ಲರೂ ನಮ್ಮ ಮನೆಯ ತೀರ್ಥದ ಮೇಲೆ ನಕ್ಕಾರೆಂದು ನಾಚಿಕೊಂಡೆ. ನಾಳೆ, ನಾಳೆ ಎನ್ನುತ್ತ ಪ್ರದರ್ಶನ ಮುಗಿಯಿತು. ಆಮೇಲೆ ಅವರಿಗೆ ವರ್ಗವೂ ಆಯಿತು. ಮಕ್ಕಳಿಗೆ ಮಾತ್ರ ಸತ್ಯದ ಮೇಲೆ ನಿಬಂಧ ಬರೆಸುತ್ತಲೇ ಇದ್ದೆ.

ಹೋದ ವರ್ಷ ಗೋಕರ್ಣದಿಂದ ಮತ್ತೊಂದು ಬಾಟಲಿ ತಂದು, ಯಾರ ಕೈಗೂ ಕೊಡದೆ, ಇಳಕಲ್ಲಿನ ಮಾಸ್ತರರ ಮನೆಗೆ ಒಯ್ದೆ. ಅವರು ತೀರಿಕೊಂಡು ಎರಡು ತಿಂಗಳಾಗಿತ್ತು. ಯಂತ್ರವನ್ನು ಯಾವಾಗಲೋ ಗುಜರಿಗೆ ಹಾಕಿದ್ದರೆಂದು ಅವರ ಹೆಂಡತಿ ಹೇಳಿದರು. ಬಾಟಲಿ ನನ್ನೊಡನೆಯೇ ವಾಪಸು ಬಂತು.

ಅದನ್ನೇ ಮೊನ್ನೆ ರಿಪೇರಿಯವನ ಮುಂದೆ ಇಟ್ಟೆ. ಮೀಟರು ಅದ್ದಿ ನೋಡಿ ತಲೆಯಾಡಿಸಿದ. "ಇದು ಕುಡ್ಯೂ ನೀರಿನ ಮೀಟರ್ ಐತ್ರಿ. ಸಮುದ್ರದ ಉಪ್ಪು ಇದಕ್ಕ ಸಿಗಂಗಿಲ್ಲ."

ಸಿಗುವ ಯಂತ್ರ ಒಂದಿತ್ತು. ಅದರ ಗೆರೆ ಸರಿಯಾಗಿಯೇ ಇತ್ತು. ಹಾಗೆಂದು ಆ ರಿಪೇರಿಯವನಿಗೆ ಹೇಳಿದೆ, ಕೇಳಬೇಕಾದವರು ಈಗಿಲ್ಲ.